ಬೀಗದ ಓಟು

ನಮ್ಮ ನ್ಯೂ ಹ್ಯಾಂಪ್‌ಶೈರಿನ ಹಳ್ಳಿಯಲ್ಲಿ ಶಾಲೆ ನಡೆಯುವುದು ಊರವರ ಮನೆ-ಜಮೀನಿನ ತೆರಿಗೆಯಿಂದಲೇ. ಮಾರ್ಚಿನಲ್ಲಿ ಸಭೆ ಸೇರಿ ನಾವೇ ಕೈ ಎತ್ತಿ ಬಜೆಟ್ಟು ತೀರ್ಮಾನಿಸುತ್ತೇವೆ, ಸರ್ಕಾರಕ್ಕೆ ಮೂಗು ತೂರಿಸಲು ಬಿಡುವುದಿಲ್ಲ. ಅದೇ ನಮಗೊಂದು ಜಂಬ. ನನ್ನ ಮಗಳು ಟೆಸ್ ಸೇರಿ ಇಪ್ಪತ್ತನಾಲ್ಕು ಮಕ್ಕಳು, ಒಬ್ಬರೇ ಟೀಚರು. ಬಜೆಟ್ಟು ಬಿತ್ತೆಂದರೆ ಶಾಲೆ ಬಾಗಿಲು ಮುಚ್ಚಿದಂತೆಯೇ.

ಈ ಸಲ ಹಿಮ ಸುರಿದು ಅರ್ಧ ಊರು ಬರಲೇ ಇಲ್ಲ. ಬಜೆಟ್ಟು ಹೇಗೂ ಪಾಸಾಗುತ್ತದೆ ಬಿಡು ಎಂದುಕೊಂಡು ನಾವು ಐದು ಜನ ತಾಯಂದಿರು ಶಾಲೆಯ ಅಡುಗೆಮನೆಯಲ್ಲಿ ಸಭೆಯ ಊಟಕ್ಕೆ ಬೀನ್ಸ್ ಕಾಳು, ಮಾಂಸ ಬೇಯಿಸುತ್ತಾ ಹರಟೆ ಹೊಡೆಯುತ್ತಿದ್ದೆವು.

"ರಾಸ್ಕೋ ಎದ್ದು ನಿಂತವ್ನೆ," ಥೆಲ್ಮಾ ಇಣುಕಿ ನೋಡಿ ಹೇಳಿದಳು.

"ಪ್ರತಿ ವರ್ಷಾನೂ ನಿಲ್ತಾನೆ ಬಿಡೇ. ಸರ್ಕಾರ ದುಡ್ ಕೊಡ್ಲಿ, ನನ್ ತೆರಿಗೆ ಇಳ್ಸಿ ಅಂತಾನೆ. ನೀನು ಆ ಮಾಂಸ ತಿರುವಿ ಹಾಕು," ಎಂದೆ. ಎಪ್ಪತ್ತೈದರ ಒಂಟಿ ಮುದುಕ, ಪಿಂಚಣಿಯಲ್ಲಿ ಅರ್ಧ ತೆರಿಗೆಗೇ ಹೋಗುತ್ತದೆ. ಪಾಪವೇ. ಆದರೂ ಅವನ ಗೋಳು ಯಾರು ಕೇಳುತ್ತಾ ಕೂರುತ್ತಾರೆ?

ಊಟಕ್ಕೆ ಕರೆಯೋಣವೆಂದು ಐವರೂ ಹಾಲಿಗೆ ಬಂದೆವು. ಸಭೆ ನಡೆಸುವ ಎಲ್ವಿನ್, "ಬೀಗದ ಓಟು. ಒಪ್ಪೋರು ಕೈ ಎತ್ತಿ," ಎನ್ನುತ್ತಿದ್ದ. ಪಾಸಾದ ಬಜೆಟ್ಟನ್ನು ಆ ಸಭೆಯಲ್ಲಿ ಮತ್ತೆ ಮುಟ್ಟಬಾರದು ಎಂಬ ಓಟು ಅದು. ಜನ ಉಂಡು ಮನೆಗೆ ಹೋದಮೇಲೆ ರಾಸ್ಕೋನಂಥವರು ಶಾಲೆಯ ದುಡ್ಡಿಗೆ ಕತ್ತರಿ ಹಾಕದಿರಲಿ ಎಂದು ಪ್ರತಿ ವರ್ಷ ಅದನ್ನು ಹಾಕಿಸುತ್ತಿದ್ದವಳೇ ನಾನು. ಐವರೂ ಖುಷಿಯಾಗಿ ಕೈ ಎತ್ತಿದೆವು.

ಮುಂದಿನ ಸಾಲಿನಲ್ಲಿದ್ದ ಟೀಚರು ಹಿಂತಿರುಗಿ ನೋಡಿದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನ್ ಮಾಡಿದ್ರಿ ಲೆನೋರಾ?"

"ಯಾಕೆ, ಬಜೆಟ್ ಪಾಸಾಯ್ತಲ್ವಾ?" ಎಂದೆ.

"ಅರ್ಧಕ್ಕೆ ಕತ್ತರಿಸಿ ಪಾಸ್ ಮಾಡಿದ್ರು. ಮೂರೇ ಓಟಿನ ಅಂತರದಲ್ಲಿ. ನೀವೆಲ್ಲಾ ಎಲ್ಲಿದ್ರಿ?"

ನಾನು ಎಲ್ವಿನ್ ಬಳಿಗೆ ಓಡಿದೆ.

"ಎಲ್ವಿನ್, ನಮಗೆ ಗೊತ್ತಿರ್ಲಿಲ್ಲಪ್ಪಾ. ಇನ್ನೊಂದ್ಸಲ ಓಟ್ ಹಾಕ್ಸು."

"ಹೆಂಗ್ ಹಾಕ್ಸಲಿ? ನೀವೈದು ಜನ ಬೇಡ ಅಂದಿದ್ರೆ ಬೀಗ ಬೀಳ್ತಾನೇ ಇರ್ಲಿಲ್ಲ. ಈಗ ಬಿದ್ದಾಯ್ತು." ಅವನೂ ನೆಲ ನೋಡುತ್ತಿದ್ದ.

ಅಷ್ಟರಲ್ಲಿ ರಾಸ್ಕೋ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಮುದುಕನ ಕಣ್ಣಲ್ಲಿ ನೀರು.

"ನೀನೂ ನನ್ ಕಡೆ ಅಂತ ಗೊತ್ತೇ ಇರ್ಲಿಲ್ಲ ಕಣಮ್ಮಾ," ಎಂದ. "ಮಗು ಇಟ್ಕೊಂಡು ನನಗೋಸ್ಕರ ಕೈ ಎತ್ತಿದ್ಯಲ್ಲ, ನನ್ ಮನೆ ಉಳೀತು."