ಮೊದಲು ಹತ್ತುವವನು

“ನಿನಗೆ ಎದೆಗಾರಿಕೆ ಅನ್ನೋದೇ ಇಲ್ಲ ಕಣೋ, ಪುಕ್ಕಲ,” ಎಂದು ಬಾವ ಏಳು ಮಹಡಿಗೂ ಕೇಳುವಂತೆ ಕೂಗಿದ.

ಲಿಫ್ಟ್ ರಿಪೇರಿ ನಮ್ಮ ಮನೆತನದ ಕಸುಬು. ಈ ಅಪಾರ್ಟ್‌ಮೆಂಟಿನ ಲಿಫ್ಟಿನ ಬ್ರೇಕ್ ಸವೆದಿತ್ತು. ಹೊಸದು ಹಾಕುವವರೆಗೆ ಲಿಫ್ಟ್ ಬಿಡುವುದಿಲ್ಲ ಎಂದು ನಾನು ಬಾಗಿಲಿಗೆ ಬೀಗ ಜಡಿದಿದ್ದೆ. ನನ್ನ ಜೊತೆ ಕೆಲಸಕ್ಕಿದ್ದ ಬಾವನಿಗೆ ಅವತ್ತೇ ಕೆಲಸ ಮುಗಿಸಿ ಕೈತೊಳೆದುಕೊಳ್ಳಬೇಕಿತ್ತು.

“ಎದೆಗಾರಿಕೆ ನಿಮ್ಮದು, ಬಿದ್ದು ಸಾಯೋರು ಬೇರೆಯವರಾ ಬಾವ?”

“ಎಲ್ಲಾ ಸರಿಯಾಗಿದೆ. ಬೀಗ ತೆಗಿ.”

ತೆಗೆದೆ. ಸರಿಯಾಗಿದೆ ಎಂದವನೇ ಮೊದಲು ಹತ್ತಬೇಕು ಎಂಬುದು ಅಪ್ಪ ಮಾಡಿಟ್ಟ ಪದ್ಧತಿ. ಅವರ ಬಾಯಲ್ಲಿ ಎದೆಗಾರಿಕೆ ಎಂದರೆ ಅಷ್ಟೇ.

“ಹತ್ತಿ ಬಾವ. ಏಳನೇ ಮಹಡಿ ನೋಡ್ಕೊಂಡು ಬನ್ನಿ.”

ಬಾವ ಒಂದು ಕಾಲು ಒಳಗಿಟ್ಟ. ಇನ್ನೊಂದು ಹೊರಗೇ ಉಳಿಯಿತು. ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ಐದನೇ ಮಹಡಿಯ ಅಜ್ಜಿ, “ಯಾಕಪ್ಪ, ಎದೆ ಮನೇಲೇ ಮರೆತು ಬಂದ್ಯಾ?” ಎಂದಳು. ಬಾವ ಸ್ಪ್ಯಾನರ್ ಎಸೆದು ಗೇಟು ದಾಟಿದ.

ಮರುದಿನ ಹೊಸ ಬ್ರೇಕ್ ಹಾಕಿ, ನಾನೊಬ್ಬನೇ ಏಳನೇ ಮಹಡಿಗೆ ಹೋಗಿ ಬಂದೆ. ಎರಡನೇ ಸಲ ಅಜ್ಜಿ ನನ್ನ ತೋಳು ಹಿಡಿದು ಮಹಾರಾಣಿಯಂತೆ ಹತ್ತಿದಳು.

ಬಾವ ಮತ್ತೆ ಕೆಲಸಕ್ಕೆ ಬರಲೇ ಇಲ್ಲ.