ಹಣೆಗೆ ಅಂಟಿಸಿದ ಆವೃತ್ತಿ

ನಾನೊಂದು ಸೂಚನಾ ಹಾಳೆ. ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ವಾರಿಜಾ ಎಂಬಾಕೆ ನನ್ನನ್ನು ಬರೆದು, ಪ್ಲಾಸ್ಟಿಕ್ ಹೊದಿಸಿ, ಒಂದು ಸಣ್ಣ ಅಣೆಕಟ್ಟಿನ ಕೋಣೆಯಲ್ಲಿ ತೂಗುಹಾಕಿದಳು. ಕಂಪ್ಯೂಟರಿನಿಂದ ಗೇಟು ನಡೆಸುವ ಬಗೆಯೆಲ್ಲ ನನ್ನ ಮೈಮೇಲಿತ್ತು. ಹಣೆಯ ಮೇಲೆ ‘ಆವೃತ್ತಿ 2’. ಪರದೆಯ ಮೇಲೂ ಅದೇ ಅಂಕಿ ಇದ್ದರೆ ಮಾತ್ರ ನನ್ನನ್ನು ನಂಬಬೇಕು ಎಂಬುದು ನಿಯಮ.

ಗೇಟು ನಡೆಸುವವನು ಹುಸೇನಪ್ಪ. ಬೆಳಿಗ್ಗೆ ಮೀನುಗಾರ ಯಂಕೋಬ ಕೆಳಗಿನ ಹೊಳೆಗೆ ತೆಪ್ಪ ಇಳಿಸುವ ಮೊದಲು, ‘ಹುಸೇನಪ್ಪಾ, ಗೇಟ್ ಮುಚ್ಚಪಾ!’ ಎಂದು ಕೂಗುತ್ತಿದ್ದ. ಹುಸೇನಪ್ಪ ನನ್ನ ಎರಡನೆಯ ಸಾಲು ಹೇಳಿದಂತೆ ಸೊನ್ನೆ ಒತ್ತುತ್ತಿದ್ದ. ಎಷ್ಟು ತೆರೆಯಬೇಕೋ ಅಷ್ಟು ಅಂಕಿ. ಸೊನ್ನೆ ಎಂದರೆ ಪೂರ್ತಿ ಮುಚ್ಚು.

ಕಂಪ್ಯೂಟರಿಗೆ ಮೂರನೆಯ ಆವೃತ್ತಿ ಬಂತು. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಈಗ ಒತ್ತಬೇಕಾದದ್ದು ಎಷ್ಟು ಮುಚ್ಚಬೇಕು ಎಂಬ ಅಂಕಿ. ಸೊನ್ನೆ ಎಂದರೆ ಪೂರ್ತಿ ತೆರೆ! ಅದನ್ನು ಯಂತ್ರಕ್ಕೆ ತುಂಬಲು ವಾರಿಜಾ ತನ್ನ ಮೇಲಧಿಕಾರಿಯ ಜೊತೆ ಬಂದಳು. ನನ್ನನ್ನು ಓದಿ, ‘ಸರ್, ಇದನ್ನ ಪೂರಾ ತಿದ್ದಬೇಕ್ರಿ’ ಎಂದಳು.

‘ನಾಳೆ ತಪಾಸಣೆ ಐತಿ. ಅವ್ರು ನಂಬರ್ ಅಷ್ಟ ನೋಡ್ತಾರ. ಅದನ್ನಷ್ಟ ಬದಲ್ ಮಾಡು, ಒಳಗಿಂದು ಆಮ್ಯಾಲೆ ನೋಡೋಣು.’

ಅವಳು ನನ್ನ ಹಣೆಯ ಮೇಲೆ ‘3’ ಎಂಬ ಚೀಟಿ ಅಂಟಿಸಿದಳು. ತಪಾಸಣೆಯವರು ಬಂದರು, ಅಂಕಿ ನೋಡಿದರು, ಚಹಾ ಕುಡಿದು ಹೋದರು. ಒಳಗಿನ ಸಾಲುಗಳನ್ನು ನೋಡಲು ಯಾರೂ ಬರಲಿಲ್ಲ.

ಮರುದಿನ ಯಂಕೋಬ ಕೂಗಿದ. ಹುಸೇನಪ್ಪ ಅನುಮಾನಿಸಿದ. ‘ಮಷೀನ್ ಹೊಸಾದಾಗೇತಿ, ಹಾಳಿ ಹಳೇದೇನೋ’ ಎನ್ನುತ್ತ ನನ್ನ ಹಣೆ ನೋಡಿದ, ಪರದೆ ನೋಡಿದ. ಅಲ್ಲೂ ಮೂರು, ಇಲ್ಲೂ ಮೂರು. ಹಳೆಯ ಎರಡು ಕಾಣುತ್ತಿದ್ದರೆ ಅವನು ಕೈ ತಡೆದು ಫೋನು ಮಾಡುತ್ತಿದ್ದ. ನನ್ನನ್ನು ನಂಬಿ ಸೊನ್ನೆ ಒತ್ತಿದ.

ಗೇಟು ಮೇಲೆದ್ದಿತು. ಕೆಳಗಿನಿಂದ ಇನ್ನೊಂದು ಕೂಗು ಬಂತು, ಅರ್ಧಕ್ಕೇ ನಿಂತಿತು. ತೆಪ್ಪ ಸಿಕ್ಕಿತು, ಯಂಕೋಬ ಸಿಗಲಿಲ್ಲ. ಆ ಅರ್ಧ ಕೂಗು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ, ಕಿವಿಯೇ ಇಲ್ಲದ ನನ್ನನ್ನು ಕಾಡುತ್ತದೆ.

ಹಾಳೆಯ ಅಂಕಿ ಯಂತ್ರದ ಅಂಕಿ ಒಂದೇ ಇದೆ, ಆದ್ದರಿಂದ ಒತ್ತಿದವನದೇ ತಪ್ಪು ಎಂದು ವಿಚಾರಣೆ ಮುಗಿಯಿತು. ಹುಸೇನಪ್ಪನನ್ನು ಗುಜರಿ ಕೋಣೆಯ ಕಾವಲಿಗೆ ಹಾಕಿದರು. ಕಂಪನಿಯವರು ಸದ್ದಿಲ್ಲದೆ ಬೇರೆ ಹಾಳೆ ತೂಗುಹಾಕಿದರು. ನನ್ನನ್ನು ಇಳಿಸುವಾಗ ವಾರಿಜಾ ಅತ್ತಳು, ಬಾಯಿ ಮಾತ್ರ ಬಿಡಲಿಲ್ಲ. ನಾನೂ ಅದೇ ಗುಜರಿ ಕೋಣೆಗೆ, ತುಕ್ಕು ಹಿಡಿದ ಮೋಟಾರುಗಳ ಹಿಂದಕ್ಕೆ ಬಿದ್ದೆ.

ಹೊಸ ಹಾಳೆಯನ್ನು ಹುಸೇನಪ್ಪ ಕಂಡೇ ಇಲ್ಲ. ಬಿಡುವಾದಾಗ ನನ್ನನ್ನೇ ಎಳೆದು, ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾನೆ. ತಾನು ಎಲ್ಲಿ ತಪ್ಪಿದೆನೆಂದು ಹುಡುಕುತ್ತಾನೆ. ಓದಿದಷ್ಟೂ ಅವನಿಗೆ ತನ್ನ ಬೆರಳಿನ ಮೇಲೇ ಅನುಮಾನ. ಆ ಚೀಟಿಯನ್ನು ಒಮ್ಮೆ ಉಗುರಿನಿಂದ ಕೆರೆಯಬಾರದೇ ಎಂದು ನನ್ನ ಜೀವ ಒದ್ದಾಡುತ್ತದೆ.

ನಿನ್ನೆ ಯಂಕೋಬನ ಹೆಂಡತಿ ಹನುಮವ್ವ ಬಂದು ಬಾಗಿಲಲ್ಲಿ ನಿಂತಳು. ‘ಖರೇ ಹೇಳಪಾ, ಅವತ್ತು ನೀ ಏನ್ ಒತ್ತಿದಿ?’

ಹುಸೇನಪ್ಪ ನನ್ನನ್ನು ಅವಳ ಮುಂದೆ ಹಿಡಿದ. ‘ಇದರಾಗ ಎಲ್ಲಾ ಸರಿ ಬರದಾರವ್ವ. ನನ್ನ ಕೈಯೇ ತಪ್ಪೇತಿ.’

ಹಾಗೆಂದು ನನ್ನನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.