ಚಿತ್ರದ ಬೆನ್ನಿಗೆ ಬರೆದದ್ದು

ಅಪ್ಪ ಗುಬ್ಬಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ. ಪ್ರತಿ ಪರದೆಯ ಬೆನ್ನಿಗೂ ಅದು ಯಾವ ದೃಶ್ಯ, ಯಾವ ಅಂಚು ಮೇಲೆ ಎಂದು ಇದ್ದಿಲಿನಲ್ಲಿ ಬರೆಯದೆ ಸುತ್ತಿಡುತ್ತಿರಲಿಲ್ಲ. ಒಮ್ಮೆ ಬರೆಯುವುದು ಮರೆತು, ರಾಜನ ದರ್ಬಾರಿನ ಹಿಂದೆ ಸ್ಮಶಾನ ಇಳಿದುಬಿಟ್ಟಿತ್ತಂತೆ. ಆ ಅಭ್ಯಾಸ ನನ್ನ ಕೈಗೂ ಅಂಟಿತು.

ಎಪ್ಪತ್ತೆಂಟರಲ್ಲಿ ನಾವು ಕುಣಿಗಲ್ಲಿನಲ್ಲಿ ಕೆರೆ ಏರಿಯ ಪಕ್ಕದ ಬಾಡಿಗೆ ಮನೆಯಲ್ಲಿದ್ದೆವು. ಗಂಡ ಶಿವರಾಮಯ್ಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಎಮ್ಮೆ ಸಾಕಿದ್ದ ಕರಿಸಿದ್ದಪ್ಪನ ಹಟ್ಟಿಗೆ ಹಾಲಿಗೆಂದು ಹೋದವಳು ಹಾಗೇ ಏರಿಯ ಮೇಲೆ ಕೂತು ಹಕ್ಕಿ ನೋಡುತ್ತಿದ್ದೆ. ಮಧ್ಯಾಹ್ನ ಅತ್ತೆ ಹನುಮಂತಮ್ಮ ಮಲಗಿದ ಮೇಲೆ, ಕಚೇರಿಯ ಕೆಟ್ಟ ಫಾರಂಗಳ ಖಾಲಿ ಬದಿಯಲ್ಲಿ ಅವುಗಳ ಚಿತ್ರ. ಬಣ್ಣದ ಡಬ್ಬಿ ತುಮಕೂರಿನಿಂದ ತರಿಸಿದ್ದು. ಬೆನ್ನಿಗೆ, ಅಚ್ಚಿನ ಸಾಲುಗಳ ನಡುವೆ, ಜಾಗ ಮತ್ತು ಹೊತ್ತು. ಇಡೀ ದಿನದಲ್ಲಿ ನನ್ನದು ಎನ್ನಬಹುದಾದದ್ದು ಅಷ್ಟೇ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಬೇಲಿಯಂಚಿನ ಕೌಜುಗದ ಜೋಡಿಯನ್ನು ಬರೆದೆ. ಮುಂದಿನ ವಾರ ಅಲ್ಲಿ ಕೌಜುಗ ಇರಲಿಲ್ಲ. ತೂಬಿನ ಹತ್ತಿರದ ನೀರುಕೋಳಿಗಳನ್ನು ಬರೆದೆ. ಅವೂ ಹೋದವು. ಹಳೆಯ ಗದ್ದೆಯ ಗೊರವಗಳೂ ಅಷ್ಟೇ. ನಾನು ಬರೆಯದೆ ಬಿಟ್ಟ ಕಡೆ ಮಾತ್ರ ಹಕ್ಕಿಗಳು ನಿಶ್ಚಿಂತೆಯಾಗಿ ಮೇಯುತ್ತಿದ್ದವು.

ಅತ್ತೆಗೆ ಇದನ್ನು ಹೇಳಬಾರದಿತ್ತು.

"ನಿನ್ನ ಕಣ್ಣು ಸರಿಯಿಲ್ಲ ಕಣೇ. ನೀನು ನೋಡಿ ನೋಡಿ ಬರೆದ್ರೆ ಜೀವ ಕಾಗದಕ್ಕೆ ಇಳಿದುಬುಡ್ತದೆ," ಎಂದರು ಎಲೆಗೆ ಸುಣ್ಣ ಹಚ್ಚುತ್ತಾ. "ನನ್ನ ಮುಖ ಗಿಖ ಬರೆದೀಯಾ, ಹುಷಾರು!"

ನಕ್ಕೆ. ಆದರೆ ಅಂದಿನಿಂದ ಹಕ್ಕಿಯ ಕಣ್ಣಿಗೆ ಚುಕ್ಕೆ ಇಡುವಾಗ ಕೈ ತಡೆಯುತ್ತಿತ್ತು.

ಹೀಗಿರುವಾಗ ಕೆರೆಯ ಜೊಂಡಿನಲ್ಲಿ ವರಟೆ ಬಾತಿನ ಗೂಡು ಕಂಡಿತು. ಒಂಬತ್ತು ಮೊಟ್ಟೆ. ಕರಿಕೊಕ್ಕಿನ ತುದಿಗೆ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ಬರೆಯಬಾರದು ಎಂದು ನಾಲ್ಕು ದಿನ ತಡೆದೆ, ಐದನೆಯ ದಿನ ಬರೆದೆ. ಬೆನ್ನಿಗೆ ಮಾತ್ರ ಏನೂ ಬರೆಯಲಿಲ್ಲ.

ಮರುದಿನ ಬಟ್ಟೆ ನೆನೆಸುವಾಗ ಗಂಡನ ಷರಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ನನ್ನ ಗೊರವಗಳು. ತಿರುಗಿಸಿದರೆ, ನಾನು ಬರೆದ ಜಾಗದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಸರಿ ಗುರುತು. ಕಚೇರಿಯ ಫೈಲುಗಳಲ್ಲಿ ಸಾಹೇಬರು ಹಾಕುವಂಥದ್ದು. ಚಿತ್ರ ಇಡುತ್ತಿದ್ದ ಟ್ರಂಕು ತೆಗೆದೆ. ಕೌಜುಗಕ್ಕೂ ನೀರುಕೋಳಿಗೂ ಅದೇ ಗುರುತು. ಗಂಡ ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದಿಟ್ಟಿದ್ದರು.

ಸಂಜೆ ಕಾಗದಗಳನ್ನು ಗಂಡನ ಮುಂದಿಟ್ಟೆ.

"ಓ, ಅದಾ?" ಎಂದರು ಷೂ ಬಿಚ್ಚುತ್ತಾ. "ಸಾಹೇಬ್ರಿಗೆ ಭಾನುವಾರ ಕೋವಿ ಹಿಡ್ಕೊಂಡು ಓಡಾಡೋ ಚಟ. ನಿಮ್ ಮನೆಯವ್ರು ಒಳ್ಳೆ ಸರ್ವೇಯರ್ ಕಣ್ರೀ ಅಂತ ಹೊಗಳ್ತಾರೆ. ಇನ್ನೇನು, ತುಮಕೂರಿಗೆ ಟ್ರಾನ್ಸ್‌ಫರ್ ಆದಂಗೇ."

"ನನ್ನ ಚಿತ್ರ ಅವು."

"ಚಿತ್ರಕ್ಕೇನಾಗಿದೆ? ಚಿತ್ರ ಇಲ್ಲೇ ಇದೆಯಲ್ಲ."

ಟ್ರಂಕಿನ ಮೇಲೆ ಒಣಗಲು ಬಿಟ್ಟಿದ್ದ ಬಾತು ಅವರ ಕಣ್ಣಿಗೆ ಬಿತ್ತು. ಎತ್ತಿ ತಿರುಗಿಸಿದರು.

"ಇದ್ರ ಹಿಂದೆ ಬರೆದೇ ಇಲ್ವಲ್ಲ? ಎಲ್ಲಿದೆ ಇದು?"

"ಮರೆತಿದೀನಿ."

"ನೀನಾ? ಮರೆಯೋಳಾ?" ಕಿಸೆಯಿಂದ ಪೆನ್ನು ತೆಗೆದು ಕೈಗಿಟ್ಟರು. ದನಿ ಮೆತ್ತಗೇ ಇತ್ತು. "ಬರಿ. ಬರೆಯೋದಿಲ್ಲ ಅಂದ್ರೆ ನಾಳೆಯಿಂದ ಏರಿ ಕಡೆ ಹೋಗೋದು ಬೇಡ. ಹಾಲು ಮನೆಗೇ ತರಿಸ್ಕೊಳ್ಳೋಣ. ಬಣ್ಣದ ಡಬ್ಬೀನೂ ಯಾರಾದ್ರೂ ಮಕ್ಳಿಗೆ ಕೊಟ್ಟುಬಿಡೋಣ."

ಬರೆದೆ. ಹಿನ್ನೀರಿನ ಮೂಲೆ, ಒಣಗಿದ ಹೊಂಗೆಮರದ ನೇರಕ್ಕೆ, ಬೆಳಿಗ್ಗೆ ಆರು ಗಂಟೆ.

ಅಲ್ಲಿ ಹಕ್ಕಿ ಬಂದು ಕೂತದ್ದನ್ನು ನಾನು ಯಾವತ್ತೂ ಕಂಡಿಲ್ಲ. ಎಮ್ಮೆಯೂ ಆ ಕಡೆ ಹೋಗುವುದಿಲ್ಲ. ಮೇಲೆ ಹಸಿರು ಹುಲ್ಲು, ಕೆಳಗೆ ಬರೀ ಹೂಳು. ಹಿಂದಿನ ಬೇಸಿಗೆಯಲ್ಲೇ ಕರಿಸಿದ್ದಪ್ಪ ಹೇಳಿದ್ದ: "ನನ್ನ ಕರು ಹೂತೋದದ್ದು ಅಲ್ಲೇ ಕಣಮ್ಮ. ಕಿವಿ ಕಾಣಂಗಿತ್ತು, ಬೀಡಿ ಹಚ್ಚೋದ್ರೊಳಗೆ ಅದೂ ಇಲ್ಲ." ಬರೆಯುವಾಗ ಈ ಮಾತು ನೆನಪಿತ್ತೇ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪಿತ್ತು.

ಭಾನುವಾರ ಮಂಜು ಕವಿದಿತ್ತು. ಬಾಗಿಲಲ್ಲಿ ಜೀಪು ನಿಂತಿತು. ಗಂಡ ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ಈಗ ಹೇಳಿದರೆ ಗೂಡು ಹೋಗುತ್ತದೆ, ಏರಿ ಹೋಗುತ್ತದೆ, ಡಬ್ಬಿ ಹೋಗುತ್ತದೆ. ಹೇಳದಿದ್ದರೆ? ಬಾಯಿಂದ ಹೊರಬಂದದ್ದು ಇಷ್ಟೇ:

"ನೀರಿಗೆ ಇಳೀಬೇಡಿ."

"ಹೊಡೆದ ಬಾತು ತಾನಾಗಿ ನಡ್ಕೊಂಡು ಬರುತ್ತಾ?" ಎಂದು ನಕ್ಕು ಜೀಪು ಹತ್ತಿದರು.

ಒಲೆ ಹಚ್ಚಿದೆ. ಹಾಲು ಉಕ್ಕಿ ಚೆಲ್ಲಿತು. ಕೋವಿಯ ಸದ್ದಿಗೆ ಕಾದೆ. ಬರಲಿಲ್ಲ. ಬಂದದ್ದು ಜೀಪಿನ ಹಾರನ್ನು. ಒಂದೇ ಸಮ, ಉಸಿರು ತೆಗೆದುಕೊಳ್ಳದ ಹಾಗೆ.

ಹಿತ್ತಲಿಗೆ ಓಡಿ ಬಟ್ಟೆ ಹರವುವ ಹಗ್ಗವನ್ನು ಕಿತ್ತೆ. "ಏನಾಯ್ತೇ?" ಎಂದು ಅತ್ತೆ ಕೂಗುತ್ತಿದ್ದರು. ಕರಿಸಿದ್ದಪ್ಪನನ್ನು ಕರೆಯುತ್ತಾ ಏರಿ ಇಳಿದೆ. ಹತ್ತಿರದ ದಾರಿ ಜೊಂಡಿನ ನಡುವೆಯೇ ಇತ್ತು. ಕಾಲ ಬುಡದಿಂದಲೇ ಬಾತು ಬಡಬಡಿಸುತ್ತಾ ಎದ್ದಿತು. ಪಾದದಡಿ ಏನೋ ಒಡೆದ ಹಾಗಾಯಿತು. ಬಗ್ಗಿ ನೋಡಲಿಲ್ಲ.

ಸಾಹೇಬರು ಜೀಪಿನಲ್ಲಿ ಕೂತು ಹಾರನ್ನು ಒತ್ತುತ್ತಲೇ ಇದ್ದರು. ಏಳೆಂಟು ಮಾರು ಆಚೆ, ಹಸಿರು ಹುಲ್ಲಿನ ನಡುವೆ, ಬಾತು ಎಬ್ಬಿಸಲು ಇಳಿದಿದ್ದ ನನ್ನ ಗಂಡ ಎದೆಯಿಂದ ಮೇಲಕ್ಕೆ ಮಾತ್ರ ಇದ್ದರು. ಎರಡು ಕೈಯನ್ನೂ ಮೇಲೆತ್ತಿದ್ದರು. ಕರಿಸಿದ್ದಪ್ಪ ಹಗ್ಗಕ್ಕೆ ತನ್ನ ಎಮ್ಮೆಯ ಹಗ್ಗವನ್ನೂ ಗಂಟು ಹಾಕಿ ಎಸೆದ. ಸಾಹೇಬರೂ ಇಳಿದು ಬಂದರು, ಮೂವರೂ ಎಳೆದೆವು. ಕೆರೆ ಅವರನ್ನು ಬಿಡಲು ಬಹಳ ಹೊತ್ತು ತೆಗೆದುಕೊಂಡಿತು.

ದಡದಲ್ಲಿ ಮಲಗಿ ಅವರು ಕೆಮ್ಮಿದರು, ಕೆಸರು ಉಗಿದರು. ಕರಿಸಿದ್ದಪ್ಪ, "ಈ ಜಾಗಕ್ಕೆ ಬರಬ್ಯಾಡಿ ಅಂತ ಅಮ್ಮಾರಿಗೆ ಹೇಳಿದ್ನಲ್ಲ ಸ್ವಾಮಿ," ಎಂದ.

ಗಂಡ ಎದ್ದು ಕೂತರು. ಜೇಬಿನಿಂದ ಕೆಸರು ಮೆತ್ತಿದ ಕಾಗದವನ್ನು ತೆಗೆದು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಹಗ್ಗವನ್ನು ನೋಡಿದರು. ಅದರಲ್ಲಿ ಇನ್ನೂ ಒಂದು ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿತ್ತು.

"ಮನೆಗೆ ಹಾರನ್ ತಾನೆ ಕೇಳ್ಸಿದ್ದು?" ಎಂದರು. ದನಿ ಅದೇ ಮೆತ್ತಗಿನದು. "ಹಗ್ಗ ಯಾಕೆ ತಂದೆ?"

ಜೊಂಡಿನ ಮೇಲೆ ಬಾತು ಸುತ್ತುತ್ತಿತ್ತು, ಕೆಳಗಿಳಿಯದೆ.